ಒಂದೇ ಕ್ಲಾಸು, ಮೂರು ಫೀಸು

ಕಳೆದ ಸಲ ಊರಿಗೆ ಹೋದಾಗ ಚಿಕ್ಕಪ್ಪ ಪಹಣಿ, ಕ್ರಯಪತ್ರ ಎಲ್ಲಾ ಒಂದು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಜಗಲಿ ಮೇಲೆ ನನಗಾಗಿ ಕಾಯ್ತಾ ಕೂತಿದ್ರು. ಮಗನನ್ನು ಎಂ.ಎಸ್ಸಿ ಓದೋಕೆ ಇಂಗ್ಲೆಂಡಿಗೆ ಕಳಿಸಬೇಕು. ದೊಡ್ಡ ಸಾಲಕ್ಕೆ ಬ್ಯಾಂಕಿನವರು ಆಸ್ತಿ ಕೇಳ್ತಿದ್ದಾರೆ. ಎರಡು ಎಕರೆ ತೆಂಗಿನ ತೋಟ ಅಡಮಾನ ಇಡೋದಾ, ಬೇಡ್ವಾ? "ನೀನು ಕಂಪ್ಯೂಟರ್ ಓದಿದೋನು, ಯಾವ ದೇಶ ಅಗ್ಗ ಅಂತ ನೋಡಿ ಹೇಳಪ್ಪಾ" ಅಂದ್ರು.

ಬೆಂಗಳೂರಿಗೆ ವಾಪಸ್ ಬಂದು ಎಕ್ಸೆಲ್ ಶೀಟ್ ಮಾಡಿದೆ. ನಮಗೆ ಗೊತ್ತಿರೋ ವಿದ್ಯೆ ಅದೊಂದೇ ತಾನೇ. ಎರಡು ರಾತ್ರಿ ಕೂತ ಮೇಲೆ ಗೊತ್ತಾಯ್ತು, ಯಾವ ದೇಶ ಅನ್ನೋ ಕಾಲಂ ಒಂದೇ ಸಾಲಲ್ಲ. 'ಹುಡುಗ ಎಲ್ಲಿಯವನು' ಅಂತ ಇನ್ನೊಂದು ಕಾಲಂ ಹಾಕಿದ್ರೇನೇ ಲೆಕ್ಕ ಸರಿಹೋಗೋದು.

ಸ್ಕಾಟ್ಲೆಂಡನ್ನೇ ನೋಡಿ. ಅಲ್ಲಿ ಪದವಿ ಓದೋ ಸ್ಕಾಟಿಷ್ ಹುಡುಗಿ ಕೈಯಿಂದ ಫೀಸು ಕಟ್ಟೋದಿಲ್ಲ, ಸರ್ಕಾರ ಕಟ್ಟುತ್ತೆ. ಗಡಿಯ ಪಕ್ಕದಲ್ಲೇ ಇಂಗ್ಲೆಂಡಿನ ಕಾರ್ಲೈಲ್ ಅನ್ನೋ ಊರಿದೆ. ಅಲ್ಲಿಂದ ಬಂದು ಅವಳ ಪಕ್ಕ ಕೂತ ಹುಡುಗ ವರ್ಷಕ್ಕೆ 9 ಸಾವಿರ ಪೌಂಡ್‌ಗೂ ಹೆಚ್ಚು ಕಟ್ಟಬೇಕು. ಅವನ ಪಕ್ಕದಲ್ಲಿ ನಮ್ಮವನು ಕೂತ್ರೆ ಅವನಿಗೆ ಮೂರನೇ ದರ, ಸಾಮಾನ್ಯವಾಗಿ ಇಂಗ್ಲಿಷ್ ಹುಡುಗನ ಎರಡು ಪಟ್ಟು, ಕೆಲವು ಕಡೆ ಮೂರು ಪಟ್ಟು. ಬ್ರೆಕ್ಸಿಟ್‌ಗೆ ಮುಂಚೆ ಇನ್ನೂ ಮಜಾ ಇತ್ತು. ಪೋಲೆಂಡಿನ ಹುಡುಗನಿಗೆ ಸ್ಕಾಟ್ಲೆಂಡಿನಲ್ಲಿ ಫೀಸು ಇರಲಿಲ್ಲ, ಪಕ್ಕದ ಇಂಗ್ಲಿಷ್ ಹುಡುಗನಿಗೆ ಇತ್ತು! ಐರೋಪ್ಯ ಒಕ್ಕೂಟದ ಕಾನೂನು ಬೇರೆ ಸದಸ್ಯ ದೇಶದವರಿಗೆ ಭೇದ ಮಾಡಬಾರದು ಅಂತಿತ್ತು, ಒಂದೇ ದೇಶದ ಒಳಗೆ ಭೇದ ಮಾಡಿದ್ರೆ ಅದು ಕೇಳ್ತಿರಲಿಲ್ಲ. 2021ರಿಂದ ಹೊಸದಾಗಿ ಸೇರೋ ಪೋಲೆಂಡಿನವನೂ ನಮ್ಮ ಸಾಲಿಗೆ ಬಂದು ನಿಂತಿದ್ದಾನೆ.

ಇಂಗ್ಲೆಂಡ್ ಇಲ್ಲಿಗೆ ಬಂದಿದ್ದು ಹೇಗೆ? 1998ರಲ್ಲಿ ವರ್ಷಕ್ಕೆ 1 ಸಾವಿರ ಪೌಂಡ್ ಫೀಸಿನಿಂದ ಶುರು ಮಾಡಿದ್ರು. 2012ರಲ್ಲಿ ಅದು 9 ಸಾವಿರ ಆಯ್ತು, 2017ರಲ್ಲಿ 9,250. ಆಮೇಲೆ 2025ರಲ್ಲಿ 9,535 ಆಗೋವರೆಗೂ ಒಂದು ಪೌಂಡೂ ಏರಲಿಲ್ಲ, ಏರಿಸಿದ್ರೆ ಓಟು ಹೋಗುತ್ತೆ. ಅಷ್ಟರಲ್ಲಿ ಕರೆಂಟು, ಸಂಬಳ, ಕಟ್ಟಡದ ಖರ್ಚು ಎಲ್ಲಾ ಏರಿದ್ವು. ಆ ತೂತು ಮುಚ್ಚಿದ್ದು ಯಾರ ದುಡ್ಡು? ವಿದೇಶಿ ವಿದ್ಯಾರ್ಥಿಗಳ ಫೀಸಿಗೆ ಸರ್ಕಾರದ ಮಿತಿ ಇಲ್ಲ. ಹಾಗಾಗಿ ವಿಶ್ವವಿದ್ಯಾಲಯಗಳು ಭಾರತ, ಚೀನಾ, ನೈಜೀರಿಯಾದ ಕಡೆ ತಿರುಗಿದ್ವು. 2021ರಲ್ಲಿ ಓದು ಮುಗಿದ ಮೇಲೆ ಎರಡು ವರ್ಷ ಕೆಲಸ ಮಾಡಬಹುದು ಅನ್ನೋ ವೀಸಾ ಮತ್ತೆ ತೆರೆದ್ರು. ಇದೇ ರೀತಿಯ ವೀಸಾವನ್ನು 2012ರಲ್ಲಿ ಮುಚ್ಚಿದಾಗ ಎರಡು ಮೂರು ವರ್ಷದಲ್ಲಿ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ಅಂದ್ರೆ ನಮ್ಮವರು ಯಾಕೆ ಬರ್ತಾರೆ ಅಂತ ಅವರಿಗೂ ಗೊತ್ತು.

ಈಗ ಅಲ್ಲಿನ ವಲಸೆ ಚರ್ಚೆಗೆ ಬರೋಣ. ಟಿವಿಯಲ್ಲಿ ಒಂದು ಅಂಕಿ ಓಡ್ತಾ ಇರುತ್ತೆ, ನಿವ್ವಳ ವಲಸೆ. ಬಂದವರಲ್ಲಿ ಹೋದವರನ್ನ ಕಳೆದ್ರೆ ಉಳಿಯೋ ಸಂಖ್ಯೆ. 2023ರ ಹೊತ್ತಿಗೆ ಅದು 9 ಲಕ್ಷ ದಾಟಿತ್ತು. ಒಂದು ವರ್ಷಕ್ಕಿಂತ ಹೆಚ್ಚು ಇರೋಕೆ ಬಂದ ವಿದ್ಯಾರ್ಥಿಯೂ ಅದರಲ್ಲಿ ಸೇರ್ತಾನೆ. ಆಮೇಲೆ ಚರ್ಚೆ ಪೂರ್ತಿ ಒಂದೇ ರಾಗ, ಇವರೆಲ್ಲ ನಮ್ಮ ಆಸ್ಪತ್ರೆಗೆ ಭಾರ, ಮನೆಗೆ ಭಾರ. ಆದ್ರೆ ವಿದ್ಯಾರ್ಥಿ ವೀಸಾಗೆ ಅರ್ಜಿ ಹಾಕುವಾಗಲೇ ಆರೋಗ್ಯ ಸೇವೆಗೆ ಅಂತ ವರ್ಷಕ್ಕೆ 776 ಪೌಂಡ್ ಮುಂಗಡ ಕಟ್ಟಿಸ್ಕೋತಾರೆ. ಅದನ್ನ ಯಾರೂ ಹೇಳಲ್ಲ.

ಈ ಚರ್ಚೆಯ ಬಗ್ಗೆ ನನ್ನ ತಕರಾರು ಇಷ್ಟೇ. ತಮ್ಮ ಮಕ್ಕಳ ಓದಿಗೆ ದುಡ್ಡು ಯಾರು ಕೊಡಬೇಕು, ತೆರಿಗೆಯಿಂದಲೋ, ಅಪ್ಪ ಅಮ್ಮನ ಜೇಬಿಂದಲೋ, ಅನ್ನೋ ಜಗಳವನ್ನ ಅವರು ನೇರವಾಗಿ ಆಡ್ತಿಲ್ಲ. ಅದಕ್ಕೆ ವಲಸೆ ಅಂತ ಹೆಸರಿಟ್ಟು ಆಡ್ತಿದ್ದಾರೆ. 2024ರ ಜನವರಿಯಿಂದ ಹೆಚ್ಚಿನ ಮಾಸ್ಟರ್ಸ್ ವಿದ್ಯಾರ್ಥಿಗಳು ಹೆಂಡತಿ ಮಕ್ಕಳನ್ನ ಕರ್ಕೊಂಡು ಹೋಗೋ ಹಾಗಿಲ್ಲ. ಓದಿನ ನಂತರದ ಎರಡು ವರ್ಷವನ್ನ 2027ರಿಂದ ಹದಿನೆಂಟು ತಿಂಗಳಿಗೆ ಇಳಿಸ್ತಿದ್ದಾರೆ. ಇದರ ಜೊತೆಗೆ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳು ವಿದೇಶಿ ವಿದ್ಯಾರ್ಥಿಗಳ ಲೆಕ್ಕದಲ್ಲಿ ಸರ್ಕಾರಕ್ಕೆ ಲೆವಿ ಕೊಡಬೇಕು, ಆ ದುಡ್ಡಲ್ಲಿ ಅಲ್ಲಿನ ಬಡ ವಿದ್ಯಾರ್ಥಿಗಳಿಗೆ ಸಹಾಯಧನ ಕೊಡ್ತೀವಿ ಅಂತ ಘೋಷಿಸಿದ್ದಾರೆ. ಲೆವಿ ಅಂದ್ರೆ ನನಗೆ ತಾತ ಹೇಳ್ತಿದ್ದ ಭತ್ತದ ಲೆವಿ ನೆನಪಾಗುತ್ತೆ. ಕಡಿಮೆ ಬನ್ನಿ, ಬಂದವರು ಜಾಸ್ತಿ ಕೊಡಿ. ಎರಡೂ ಒಂದೇ ಬಾಯಲ್ಲಿ.

ಎದುರಿನವರ ಮಾತಿನಲ್ಲಿ ಹುರುಳೇ ಇಲ್ಲ ಅಂತಲ್ಲ. ಸಣ್ಣ ಊರಿಗೆ ಒಂದೇ ವರ್ಷದಲ್ಲಿ ಸಾವಿರಾರು ಹುಡುಗರು ಬಂದ್ರೆ ಬಾಡಿಗೆ ಏರದೇ ಇರುತ್ತಾ? ಬೆಂಗಳೂರಲ್ಲಿ ಮನೆ ಹುಡುಕಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಕೆಲವು ಕೋರ್ಸುಗಳು ಹೆಸರಿಗೆ ಡಿಗ್ರಿ, ಮಾರೋದು ವೀಸಾನ. ತಮ್ಮ ಹೋಗಿದ್ದ ಕನ್ಸಲ್ಟೆನ್ಸಿಯಲ್ಲಿ ಸಿಲಬಸ್ ಬಗ್ಗೆ ಒಂದು ಮಾತೂ ಬರಲಿಲ್ಲವಂತೆ, ಪಾರ್ಟ್ ಟೈಮ್ ಕೆಲಸದ ಬಗ್ಗೆ ಮಾತ್ರ ಅರ್ಧ ಗಂಟೆ. ಇಂಥ ಏಜೆಂಟರಿಗೆ ಕಮಿಷನ್ ಕೊಡೋದು ಅಲ್ಲಿನ ವಿಶ್ವವಿದ್ಯಾಲಯಗಳೇ.

ಇನ್ನು ನಾವೇನು ಸಾಚಾನಾ? ನನ್ನದು ಸಿಇಟಿಯ ಸರ್ಕಾರಿ ಸೀಟು, ಏಳು ವರ್ಷ ಕರ್ನಾಟಕದಲ್ಲಿ ಓದಿದ್ದರ ಪ್ರಮಾಣಪತ್ರ ಕೊಟ್ಟು ಸಿಕ್ಕಿದ್ದು. ಪಕ್ಕದ ಬೆಂಚಿನ ಬಿಹಾರದ ಹುಡುಗನದು ಮ್ಯಾನೇಜ್‌ಮೆಂಟ್ ಸೀಟು, ನನ್ನ ಫೀಸಿನ ಎಷ್ಟೋ ಪಟ್ಟು. ಕಾಲೇಜಿನ ಲ್ಯಾಬು ನಡೀತಿದ್ದದ್ದು ಅಂಥವರ ದುಡ್ಡಲ್ಲಿ ಅಂತ ಆಗ ಹೊಳೆದೇ ಇರಲಿಲ್ಲ. ಹಾಸ್ಟೆಲಿನಲ್ಲಿ ನೀರು ನಿಂತಾಗ ಮಾತ್ರ "ಈ ನಾರ್ತಿನೋರು ಬಂದು ತುಂಬ್ಕೊಂಡ್ರು" ಅಂತಿದ್ವಿ. ಅಂತಿದ್ದವರಲ್ಲಿ ನಾನೂ ಒಬ್ಬ.

ಶೀಟಿನ ಕೊನೇ ಸಾಲು ಜರ್ಮನಿ. 2014ರ ಹೊತ್ತಿಗೆ ಅಲ್ಲಿನ ಎಲ್ಲಾ ರಾಜ್ಯಗಳೂ ಸರ್ಕಾರಿ ವಿಶ್ವವಿದ್ಯಾಲಯಗಳ ಸಾಮಾನ್ಯ ಫೀಸು ತೆಗೆದು ಹಾಕಿದ್ವು, ಹೊರಗಿನವರಿಗೂ ಸೇರಿ. ಆದ್ರೆ 2017ರಲ್ಲಿ ಬಾಡೆನ್ ವುರ್ಟೆಂಬರ್ಗ್ ರಾಜ್ಯ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಹಾಕ್ತು. 2024ರಲ್ಲಿ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ ಶುರು ಮಾಡ್ತು, ಮಾಸ್ಟರ್ಸಿಗಾದ್ರೆ ಸೆಮಿಸ್ಟರಿಗೆ 4 ರಿಂದ 6 ಸಾವಿರ ಯೂರೋ. ಉಳಿದ ಕಡೆ ಫೀಸು ಇಲ್ಲದಿದ್ರೂ ವೀಸಾಗೆ ಮುಂಚೆ ವರ್ಷದ ಖರ್ಚಿಗೆ ಅಂತ 11,904 ಯೂರೋ ಬ್ಲಾಕ್ ಮಾಡಿದ ಖಾತೆಯಲ್ಲಿ ತೋರಿಸಬೇಕು. ಅದು ಫೀಸಲ್ಲ, ನಮ್ಮದೇ ದುಡ್ಡು, ತಿಂಗಳು ತಿಂಗಳು ವಾಪಸ್ ಬರುತ್ತೆ. ಚಿಕ್ಕಪ್ಪನಿಗೆ ಈ ವ್ಯತ್ಯಾಸ ಹೇಳೋಕೆ ಒಂದು ಲೋಟ ಕಾಫಿ ಮುಗೀತು.

ಎಲ್ಲಾ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ, "ಹದಿನೆಂಟು ತಿಂಗಳಲ್ಲಿ ಸಾಲ ತೀರುತ್ತಾ?" ಅದಾದ ಮೇಲೆ ಅಲ್ಲೇ ಉಳಿದು ದುಡಿಯೋ ವೀಸಾಗೆ ಈಗ ವರ್ಷಕ್ಕೆ 41,700 ಪೌಂಡ್ ಸಂಬಳ ಬೇಕು, ಹೊಸಬರಿಗೆ ಸ್ವಲ್ಪ ರಿಯಾಯಿತಿ. ಸಿಗದಿದ್ರೆ ಊರಿಗೆ ಬಂದು ರೂಪಾಯಿ ಸಂಬಳದಲ್ಲಿ ಪೌಂಡಿನ ಫೀಸಿಗೆ ಮಾಡಿದ ಸಾಲ ತೀರಿಸಬೇಕು. ಇಂಗ್ಲೆಂಡಿನ ಹುಡುಗನೂ ಸಾಲ ಮಾಡೇ ಓದ್ತಾನೆ, ಆದ್ರೆ ಅವನ ಕಂತು ಸಂಬಳ ಒಂದು ಮಟ್ಟ ದಾಟಿದ ಮೇಲಷ್ಟೇ ಶುರು, ತೋಟ ಯಾರೂ ಕೇಳಲ್ಲ. "ತೀರುತ್ತೆ ಅಂತ ನಾನು ಹೇಳಲಾರೆ ಚಿಕ್ಕಪ್ಪ" ಅಂದೆ.

ಪಹಣಿ ಇನ್ನೂ ಅದೇ ಕವರಿನಲ್ಲಿದೆ. ತಮ್ಮ ಜರ್ಮನ್ ಕ್ಲಾಸಿಗೆ ಸೇರಿದ್ದಾನೆ, ಆನ್‌ಲೈನು, ರಾತ್ರಿ ಕರೆಂಟ್ ಇದ್ರೆ. ಚಿಕ್ಕಪ್ಪ ಮಾತ್ರ ಫೋನ್ ಮಾಡಿದಾಗೆಲ್ಲ ಪೌಂಡ್ ಎಷ್ಟಾಗಿದೆ ಅಂತ ಕೇಳ್ತಾರೆ.