ಫಣಿಯಮ್ಮನ ಮುಪ್ಪು

ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರಲ್ಲಿ ಪ್ರಕಟವಾಯಿತು. ಅಂದಿನಿಂದಲೂ ನಮ್ಮ ಓದುಗರಲ್ಲಿ ಬಹುಮಂದಿ ಅದನ್ನು ಬಾಲವಿಧವೆಯೊಬ್ಬಳ ಕರುಣಕಥೆಯೆಂದೇ ಓದುತ್ತ ಬಂದಿದ್ದಾರೆ. ಮದುವೆಯೆಂದರೇನೆಂದು ತಿಳಿಯುವ ಮುನ್ನವೇ ಗಂಡನನ್ನು ಕಳೆದುಕೊಂಡು, ಮೈನೆರೆದೊಡನೆ ತಲೆ ಬೋಳಿಸಿಕೊಂಡು ಮಡಿಹೆಂಗಸಾದವಳಿಗಾಗಿ ಎರಡು ಹನಿ ಕಣ್ಣೀರು ಮಿಡಿದು ಪುಸ್ತಕ ಮುಚ್ಚುವುದು ಸುಲಭ. ಆದರೆ ಈ ಕಾದಂಬರಿಯ ಸತ್ತ್ವವೆಲ್ಲ ಫಣಿಯಮ್ಮನ ಮುಪ್ಪಿನಲ್ಲಿದೆಯೆಂದು ನನ್ನ ಅಭಿಪ್ರಾಯ.

ಕೆಳಜಾತಿಯ ಹೆಂಗಸೊಬ್ಬಳು ಹೆರಿಗೆಯ ಬೇನೆಯಲ್ಲಿ ಸಾಯುವ ಸ್ಥಿತಿಗೆ ಬಂದಾಗ ಫಣಿಯಮ್ಮ ತನ್ನ ಕೈಯಾರೆ ಹೆರಿಗೆ ಮಾಡಿಸುತ್ತಾಳೆ. ಮಡಿ ಮುರಿಯಬಾರದೆಂದು ವರ್ಷಗಟ್ಟಲೆ ಯಾರನ್ನೂ ಮುಟ್ಟದೆ ಕಾಪಾಡಿಕೊಂಡು ಬಂದ ಕೈ ಅದು. ಹಡೆಯದವಳು, ಗಂಡನ ಮನೆಯ ಬಾಳನ್ನೇ ಕಾಣದವಳು, ಇನ್ನೊಬ್ಬಳ ಮಗುವನ್ನು ಬೆಳಕಿಗೆ ತರುತ್ತಾಳೆ. ಲೇಖಕಿ ಇಲ್ಲಿ ಭಾಷಣ ಮಾಡುವುದಿಲ್ಲ; ಮಲೆನಾಡಿನ ಅಡುಗೆಮನೆಯಲ್ಲಿ ಕೂತು ಹೇಳಿದಂತೆ ಹೇಳಿ ಮುಂದೆ ಸಾಗುತ್ತಾರೆ. ಆ ಸಂಯಮವೇ ಸನ್ನಿವೇಶವನ್ನು ಉಳಿಸಿದೆ. ಮುಂದೆ ವಿಧವೆಯಾದ ತರುಣಿ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳಲು ಒಲ್ಲೆನೆಂದು ಹಟ ಹಿಡಿದಾಗಲೂ, ಆ ಹಿಂಸೆಯನ್ನು ತಾನೇ ಉಂಡ ಮುದುಕಿ ಹುಡುಗಿಯ ಪಕ್ಷವನ್ನೇ ವಹಿಸುತ್ತಾಳೆ.

ಊರು ಅವಳ ಮಾತನ್ನು ಕೇಳುವುದೇಕೆ? ಅವಳ ಆಚಾರದಲ್ಲಿ ಎಳ್ಳಷ್ಟೂ ಕುಂದಿಲ್ಲವೆಂದು. ಯಾವ ಕಟ್ಟು ಅವಳ ಬಾಳನ್ನು ಒಣಗಿಸಿತೋ ಅದನ್ನು ಪಾಲಿಸಿದ್ದರಿಂದಲೇ ಅವಳಿಗೆ ಈ ಅಧಿಕಾರ ದಕ್ಕಿದೆ. ಅದನ್ನು ಅವಳು ಕಂಡವರ ಹೆಣ್ಣುಮಕ್ಕಳಿಗಾಗಿ ವೆಚ್ಚ ಮಾಡುತ್ತಾಳೆ, ತನಗೆಂದು ಏನನ್ನೂ ಉಳಿಸಿಕೊಳ್ಳುವುದಿಲ್ಲ.

ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ಇಲ್ಲಿ ಸಹಜವಾಗಿಯೇ ನೆನಪಾಗುತ್ತದೆ. ಮೂಕಜ್ಜಿಯೂ ಬಾಲವಿಧವೆ, ಮುಪ್ಪಿನಲ್ಲಿ ಮೊಮ್ಮಗ ಸುಬ್ಬರಾಯನೆದುರು ದೇವರು, ಕಾಮ, ಸೃಷ್ಟಿಗಳ ವಿಚಾರವಾಗಿ ಪಂಡಿತರೂ ಅಂಜುವ ಮಾತನ್ನಾಡುತ್ತಾಳೆ. ಅವಳ ಅಧಿಕಾರ ಬಂದದ್ದು ದಿವ್ಯದೃಷ್ಟಿಯಿಂದ. ಊರಿನ ಒಪ್ಪಿಗೆಗೆ ಅವಳು ಕಾಯಬೇಕಾಗಿಲ್ಲ. ವಿಚಾರದ ಹರವಿನಲ್ಲಿ ಕಾರಂತರದೇ ದೊಡ್ಡ ಕೃತಿ, ಸಂದೇಹವಿಲ್ಲ. ಆದರೂ ಮೂಕಜ್ಜಿಯನ್ನು ನಾವು ಕೇಳುತ್ತ ಕೂರುತ್ತೇವೆ; ಫಣಿಯಮ್ಮನನ್ನು ಕೆಲಸದ ನಡುವೆ ಕಾಣುತ್ತೇವೆ. ಮೊಮ್ಮಗನಂಥ ಶ್ರೋತೃ ದೊರೆಯದ ಮುದುಕಿಯರೇ ನಮ್ಮ ಮನೆಗಳಲ್ಲಿ ಹೆಚ್ಚು.

ಇಂದಿರಾ ಅವರೂ ತಡವಾಗಿಯೇ ಹೊರಟವರು. 1917ರಲ್ಲಿ ಹುಟ್ಟಿದ ಅವರ ‘ತುಂಗಭದ್ರ’ ಹೊರಬಂದದ್ದು 1963ರಲ್ಲಿ. ಶಾಲೆಯ ಓದು ಅಲ್ಪ, ಸಂಸಾರದ ಅನುಭವ ಅಪಾರ. ಪ್ರತಿಭೆಯೆಂದರೆ ತಾರುಣ್ಯದ ಸೊತ್ತೆಂಬಂತೆ ಪಾಠ ಹೇಳುವ ನಮ್ಮಂಥ ಅಧ್ಯಾಪಕರು ಈ ಇಸವಿಗಳನ್ನು ಗಮನಿಸಬೇಕು. ಕೇಳಿದ ಕಥೆಯನ್ನು ವರ್ಷಗಳ ಕಾಲ ಮನಸ್ಸಿನಲ್ಲಿಟ್ಟುಕೊಂಡವರ ಬರವಣಿಗೆಗೆ ಬರುವ ನಿಧಾನ ‘ಫಣಿಯಮ್ಮ’ದ ಪ್ರತಿ ಅಧ್ಯಾಯದಲ್ಲೂ ಇದೆ.

ಒಂದು ಆಕ್ಷೇಪಣೆ ಮಾತ್ರ ಉಳಿಯುತ್ತದೆ. ಲೇಖಕಿಗೆ ಫಣಿಯಮ್ಮನ ಮೇಲಿನ ಭಕ್ತಿ ಹೆಚ್ಚಾಯಿತು. ಅವಳಿಗೆ ಸಿಟ್ಟಿಲ್ಲ, ಆಸೆಯಿಲ್ಲ, ನಾಲಗೆಯ ಚಪಲವೂ ಇಲ್ಲ. ಮುದುಕಿಗೆ ಸ್ವಂತದ ಕಾರ್ಯವೊಂದು ದಕ್ಕಬೇಕಾದರೆ ಅವಳು ಮೊದಲು ಸಂತಳಾಗಿರಬೇಕೆಂಬ ಭಾವನೆಗೆ ಇದು ಎಡೆಗೊಡುತ್ತದೆ. ಒಮ್ಮೆ ಎಡವಿದ, ಒಂದಿಷ್ಟು ಆಸೆ ಉಳಿಸಿಕೊಂಡ ಮುದುಕಿಯೊಬ್ಬಳು ದಾಕ್ಷಾಯಿಣಿಯ ಪರವಾಗಿ ಅದೇ ಮಾತನ್ನಾಡಿದ್ದರೆ ಆ ಮನೆಯವರು ಕಿವಿಗೊಡುತ್ತಿದ್ದರೇ? ಓದುಗರಾದ ನಾವಾದರೂ?