ಚಂದ್ರಕಲೆ, ಗ್ರಹಮೋಕ್ಷ ಮತ್ತು ಜ್ವಾಲಿನೀಕಲ್ಪ

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ, ಗಾಜನೂರಿನ ಬಳಿ, ತುಂಗೆಯ ಹಿನ್ನೀರಿಗೆ ಒತ್ತಿಕೊಂಡಿರುವ ಸಕ್ರೆಬೈಲು ಆನೆಬಿಡಾರದಿಂದಾಗಿ ಪ್ರಸಿದ್ಧವಾದ ಊರು. ಜೈನ ಮಂತ್ರಶಾಸ್ತ್ರದ ಅಭ್ಯಾಸಿಗೆ ಈ ಊರಿನ ನೆಲೆ ಬೇರೊಂದು ಕಾರಣದಿಂದ ಗಮನಾರ್ಹ. ಇಲ್ಲಿಂದ ಪಶ್ಚಿಮಕ್ಕೆ ಪದ್ಮಾವತಿಯ ಪೀಠವಾದ ಹೊಂಬುಜವಿದೆ. ದಕ್ಷಿಣಕ್ಕೆ, ಭದ್ರೆಯ ಕಡೆಗೆ, ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಬಸದಿಯಿದೆ. ಕರ್ಣಾಟಕದ ಯಕ್ಷೀಪರಂಪರೆಯ ಎರಡು ಜೀವಂತ ಕೇಂದ್ರಗಳ ನಡುವಣ ಮಲೆನಾಡು ಇದು. ಇವುಗಳಲ್ಲಿ ಎರಡನೆಯದು ಪ್ರಸ್ತುತ ವಿಚಾರಕ್ಕೆ ನೇರವಾಗಿ ಸಂಬಂಧಿಸಿದೆ. ಜ್ವಾಲಾಮಾಲಿನಿಯು ಎಂಟನೆಯ ತೀರ್ಥಂಕರನಾದ ಚಂದ್ರಪ್ರಭನ ಶಾಸನದೇವತೆ. ಜಿನನ ವರ್ಣ ಶ್ವೇತ, ಲಾಂಛನ ಅರ್ಧಚಂದ್ರ. ಯಕ್ಷಿಯಾದರೋ ಜ್ವಾಲೆಗಳನ್ನೇ ಮಾಲೆಯಾಗಿ ಉಳ್ಳವಳು, ವಹ್ನಿದೇವತೆಯೆಂದೇ ಹೆಸರಾದವಳು. ಶೀತಕಿರಣನ ಸನ್ನಿಧಿಯಲ್ಲಿ ಅಗ್ನಿ ಏಕೆ ಎಂಬ ಪ್ರಶ್ನೆಯನ್ನು ಮೂರ್ತಿಶಿಲ್ಪದ ಅಭ್ಯಾಸಿಗಳು ಲಕ್ಷಣಶ್ಲೋಕಗಳ ಮಟ್ಟಕ್ಕೇ ಬಿಟ್ಟುಬಿಡುವುದುಂಟು. ಅದಕ್ಕೆ ಉತ್ತರವನ್ನು ಗ್ರಂಥದಲ್ಲಿಯೇ ಹುಡುಕಬೇಕು.

ಮೊದಲು ಚಂದ್ರನ ವೃದ್ಧಿಕ್ಷಯಗಳ ವಿಷಯದಲ್ಲಿ ಜೈನಾಗಮದ ನಿಲುವೇನೆಂಬುದು ಸ್ಪಷ್ಟವಾಗತಕ್ಕದ್ದು. ವೈದಿಕ ಪರಂಪರೆಯಲ್ಲಿ ಚಂದ್ರನು ಸೋಮ. ದೇವತೆಗಳೂ ಪಿತೃಗಳೂ ಆತನನ್ನು ಪಾನಮಾಡುವುದರಿಂದ ಕ್ಷಯ, ಮತ್ತೆ ತುಂಬುವುದರಿಂದ ವೃದ್ಧಿ. ಅದು ಸಾವು ಮತ್ತು ಮರುಹುಟ್ಟಿನ ಕಥನ. ಲೋಕಾನುಯೋಗದ ಗ್ರಂಥಗಳಲ್ಲಿ ಇಂಥ ಕಥೆಗೆ ಎಡೆಯಿಲ್ಲ. ತಿಲೋಯಪಣ್ಣತ್ತಿಯ ಪ್ರಕಾರ ಚಂದ್ರವಿಮಾನದ ಕೆಳಗೆ ನಿತ್ಯರಾಹುವಿನ ಕೃಷ್ಣವಿಮಾನವು ಸಂಚರಿಸುತ್ತ ದಿನಕ್ಕೊಂದು ಕಲೆಯನ್ನು ಮರೆಮಾಡುತ್ತದೆ. ಶುಕ್ಲಪಕ್ಷದಲ್ಲಿ ಅದೇ ಕ್ರಮದಲ್ಲಿ ತೆರವು ಮಾಡುತ್ತದೆ. ಗ್ರಹಣಕ್ಕೆ ಕಾರಣನಾದ ಪರ್ವರಾಹು ಇದರಿಂದ ಬೇರೆ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯು ತ್ರಿಲೋಕಸಾರದಲ್ಲಿ ಎರಡು ಪಕ್ಷಗಳನ್ನೂ ಕೊಡುತ್ತಾನೆ: ಚಂದ್ರಬಿಂಬವೇ ತನ್ನ ಹದಿನಾರನೆಯ ಒಂದು ಭಾಗದಂತೆ ಹದಿನೈದು ದಿನ ಕಪ್ಪಾಗಿ, ಹದಿನೈದು ದಿನ ಬಿಳುಪಾಗಿ ಪರಿಣಮಿಸುತ್ತದೆಯೆಂಬುದು ಒಂದು, ನಿತ್ಯರಾಹುವಿನ ಗಮನವಿಶೇಷದಿಂದ ಹಾಗೆ ಕಾಣುತ್ತದೆಯೆಂಬುದು ಮತ್ತೊಂದು. ಇವೆರಡರಲ್ಲಿ ಯಾವುದು ಪ್ರಾಚೀನವೆಂಬ ಚರ್ಚೆ ಇಲ್ಲಿ ಅಪ್ರಸ್ತುತ. ಗಮನಿಸತಕ್ಕದ್ದು ಗಣಿತ. ಭಾಗಗಳು ಹದಿನಾರು, ದಿನಗಳು ಹದಿನೈದು. ಯಾವ ಪಕ್ಷವನ್ನು ಹಿಡಿದರೂ ಅಮಾವಾಸ್ಯೆಯ ದಿನ ಒಂದು ಕಲೆ ಉಳಿದೇ ಉಳಿಯುತ್ತದೆ.

ಈ ಉಳಿಯುವ ಕಲೆ ಕೇವಲ ಲೆಕ್ಕದ ಶೇಷವಲ್ಲ. ಬೃಹದಾರಣ್ಯಕವೂ ಹದಿನಾರು ಕಲೆಗಳ ಪ್ರಜಾಪತಿಯನ್ನು ಹೇಳಿ ಹದಿನಾರನೆಯದನ್ನು ಧ್ರುವವೆನ್ನುತ್ತದೆ. ಶಾಕ್ತರು ಷೋಡಶಿಯನ್ನು ಅದರ ಮೇಲೆಯೇ ಕಟ್ಟಿದರು. ಸಂಖ್ಯೆ ಸಮಾನವಾದುದರಿಂದ ಜೈನರು ಅದನ್ನು ಎರವಲು ತಂದರೆಂದು ಹೇಳಿಬಿಡುವುದು ಸುಲಭ. ಆದರೆ ಜೈನ ಜ್ಞಾನಮೀಮಾಂಸೆಯೊಳಗೆ ಅದಕ್ಕೆ ತನ್ನದೇ ಆದ ಪ್ರತಿರೂಪವುಂಟು. ಗೊಮ್ಮಟಸಾರದ ಜೀವಕಾಂಡದಲ್ಲಿ ಸೂಕ್ಷ್ಮನಿಗೋದ ಜೀವಕ್ಕೂ ‘ಪರ್ಯಾಯ’ವೆಂಬ ಅತ್ಯಲ್ಪ ಶ್ರುತಜ್ಞಾನವಿದೆ, ಅದು ನಿತ್ಯೋದ್ಘಾಟಿತ, ನಿರಾವರಣ. ಜ್ಞಾನಾವರಣ ಕರ್ಮವು ಎಷ್ಟೇ ದಟ್ಟವಾಗಿದ್ದರೂ ಅದನ್ನು ಮುಚ್ಚಲಾರದು. ಮುಚ್ಚಿದರೆ ಜೀವವು ಅಜೀವವಾಗಬೇಕಾಗುತ್ತದೆ. ಶ್ವೇತಾಂಬರರ ನಂದೀಸೂತ್ರವು ಇದೇ ಮಾತಿಗೆ ಮೋಡ ಕವಿದರೂ ಅಳಿಯದ ಚಂದ್ರಸೂರ್ಯರ ಪ್ರಭೆಯನ್ನು ದೃಷ್ಟಾಂತವಾಗಿ ತರುತ್ತದೆ. ತ್ರಿಲೋಕಸಾರ ಮತ್ತು ಗೊಮ್ಮಟಸಾರಗಳ ಕರ್ತೃ ಒಬ್ಬನೇ ಎಂಬುದನ್ನು ನೆನೆದರೆ, ಆಕಾಶದಲ್ಲಿ ಮುಚ್ಚದೆ ಉಳಿದ ಕಲೆಯನ್ನೂ ನಿಗೋದದಲ್ಲಿ ಮುಚ್ಚದೆ ಉಳಿದ ಅರಿವನ್ನೂ ಬೇರೆ ಬೇರೆಯಾಗಿ ಓದುವುದು ಕಷ್ಟ. ಚಂದ್ರನು ಸಾಯುವುದಿಲ್ಲ, ಆವೃತನಾಗುತ್ತಾನೆ.

ಇದಕ್ಕೆ ಪ್ರತಿಯಾಗಿ ಜ್ಞಾತೃಧರ್ಮಕಥೆಯ ಹತ್ತನೆಯದಾದ ಚಂದ್ರಾಧ್ಯಯನವನ್ನು ಮುಂದೊಡ್ಡಬಹುದು. ಅಲ್ಲಿ ಕ್ಷಮೆ, ಆರ್ಜವ, ಮಾರ್ದವಾದಿ ಗುಣಗಳಿಂದ ಜಾರುವ ಮುನಿಯು ಕೃಷ್ಣಪಕ್ಷದ ಚಂದ್ರನಂತೆ ದಿನದಿನಕ್ಕೆ ಕುಂದಿ ಅಮಾವಾಸ್ಯೆಯಂದು ಕಾಣದೇ ಹೋಗುತ್ತಾನೆ. ಶೇಷಕಲೆಯ ಮಾತೇ ಇಲ್ಲ. ಆದರೆ ಆ ದೃಷ್ಟಾಂತದ ವಿಷಯ ಚಾರಿತ್ರ, ಜೀವದ್ರವ್ಯವಲ್ಲ. ಚಾರಿತ್ರ ಪೂರ್ಣವಾಗಿ ಕೆಡಬಹುದು, ಚೈತನ್ಯ ಕೆಡದು. ಎರಡನ್ನೂ ಒಂದೇ ಸಂಕೇತವೆಂದು ಕಲಸಿದಲ್ಲಿ ವ್ಯಾಖ್ಯಾನ ದಾರಿ ತಪ್ಪುತ್ತದೆ.

ಇನ್ನು ಮಂತ್ರಪ್ರಯೋಗದ ವಿಷಯ. ಷಟ್ಕರ್ಮಗಳಿಗೆ ತಿಥಿ, ಪಕ್ಷಗಳನ್ನು ನಿಯಮಿಸುವುದು, ಕ್ರೂರಕರ್ಮಗಳಿಗೆ ಕೃಷ್ಣ ಅಷ್ಟಮಿ ಚತುರ್ದಶಿಗಳನ್ನು ಹೇಳುವುದು ತಂತ್ರಗಳ ಸಾಮಾನ್ಯ ಪದ್ಧತಿ. ಮುಳುಗುಂದದಲ್ಲಿ ಶಕ 969ರಲ್ಲಿ (ಕ್ರಿ.ಶ. 1047) ಮಹಾಪುರಾಣವನ್ನು ಮುಗಿಸಿದ ಮಲ್ಲಿಷೇಣನು ತನ್ನ ಭೈರವಪದ್ಮಾವತೀಕಲ್ಪದಲ್ಲಿ ದಿಕ್ಕು, ಕಾಲ, ಮುದ್ರೆ, ಆಸನ, ಪಲ್ಲವಗಳ ಭೇದವನ್ನರಿಯದವನಿಗೆ ಸಿದ್ಧಿಯಿಲ್ಲವೆನ್ನುತ್ತಾನೆ. ಆದರೆ ಅಲ್ಲಿ ಕಾಲವೆಂದರೆ ಪ್ರಧಾನವಾಗಿ ದಿನದ ಭಾಗಗಳು: ಶಾಂತಿಕಕ್ಕೆ ಅರ್ಧರಾತ್ರಿ, ಪೌಷ್ಟಿಕಕ್ಕೆ ಪ್ರಭಾತ, ಹೀಗೆ. ಪಕ್ಷಭೇದವು ಆ ವ್ಯವಸ್ಥೆಯ ಬೆನ್ನೆಲುಬಲ್ಲ. ಇದು ಆಕಸ್ಮಿಕವಾಗಿರಲಾರದು. ತಾಂತ್ರಿಕನು ಉಗ್ರಕ್ರಿಯೆಗಾಗಿ ಆರಿಸುವ ಅಷ್ಟಮಿ ಚತುರ್ದಶಿಗಳೇ ರತ್ನಕರಂಡಕದ ಪ್ರಕಾರ ಶ್ರಾವಕನ ಪರ್ವದಿನಗಳು, ಪ್ರೋಷಧೋಪವಾಸದ ತಿಥಿಗಳು. ಆರಂಭವನ್ನೇ ತ್ಯಜಿಸಿ ಕುಳಿತುಕೊಳ್ಳಬೇಕಾದ ದಿನ ಉಚ್ಚಾಟನದ ಹೋಮಕ್ಕೆ ಒದಗುವುದೆಂತು? ತಿಥಿ ಒಂದೇ, ಬಳಕೆ ಪರಸ್ಪರ ವಿರುದ್ಧ.

ಈ ವಿರೋಧ ಅತ್ಯಂತ ತೀಕ್ಷ್ಣವಾಗಿ ಕಾಣುವುದು ಇಂದ್ರನಂದಿಯ ಜ್ವಾಲಿನೀಕಲ್ಪದಲ್ಲಿ. ದ್ರಾವಿಡಗಣದ ಹೇಲಾಚಾರ್ಯನು ಹೇಮಗ್ರಾಮದಲ್ಲಿದ್ದಾಗ ಶಿಷ್ಯೆ ಕಮಲಶ್ರೀಗೆ ಬ್ರಹ್ಮರಾಕ್ಷಸನ ಗ್ರಹಬಾಧೆ ತಗಲುತ್ತದೆ. ಆಚಾರ್ಯನು ಸಮೀಪದ ನೀಲಗಿರಿಯ ಮೇಲೆ ವಹ್ನಿದೇವತೆಯನ್ನು ಆರಾಧಿಸಲು ಆಕೆ ಪ್ರತ್ಯಕ್ಷಳಾಗಿ, ಏನು ಬೇಕೆಂದು ಕೇಳುತ್ತಾಳೆ. ಆತನ ಉತ್ತರವೇ ಗ್ರಂಥದ ಕೀಲಕ: ಕಾಮಾರ್ಥಾದಿ ಐಹಿಕ ಫಲಕ್ಕಾಗಿ ನಿನ್ನನ್ನು ತಡೆದಿಲ್ಲ, ಗ್ರಹಮೋಕ್ಷಕ್ಕಾಗಿ ಮಾತ್ರ. ‘ಗ್ರಹಮೋಕ್ಷ’ ಎಂಬ ಈ ಪದ ವಿಚಾರಣೀಯ. ಜ್ಯೋತಿಷದಲ್ಲಿ ಗ್ರಹಣದ ಸ್ಪರ್ಶದ ಎದುರಿಗೆ ನಿಲ್ಲುವುದು ಮೋಕ್ಷ. ರಾಹುವು ಹಿಡಿದ ಚಂದ್ರನ ಬಿಡುಗಡೆ. ಚಂದ್ರಲಾಂಛನನ ಯಕ್ಷಿಯ ಕಲ್ಪವು, ಹಿಡಿಯಲ್ಪಟ್ಟ ಸಾಧ್ವಿಯ ಬಿಡುಗಡೆಗಾಗಿ ಹುಟ್ಟಿತು. ಇದನ್ನು ಕವಿಯ ಶ್ಲೇಷೆಯೆಂದು ಹಟಹಿಡಿಯಬೇಕಿಲ್ಲ. ಪರಿಭಾಷೆಯೇ ಆ ಸಾದೃಶ್ಯವನ್ನು ಒಳಗಿರಿಸಿಕೊಂಡಿದೆ. ಹಾಗೆ ನೋಡಿದಾಗ ಯಕ್ಷಿಯ ಜ್ವಾಲೆ ಚಂದ್ರನ ತಂಪಿಗೆ ವಿರೋಧಿಯಲ್ಲ. ಅದು ಸುಡುವುದು ಕವಿದದ್ದನ್ನು, ಕವಿಯಲ್ಪಟ್ಟದ್ದನ್ನಲ್ಲ.

ಆದರೆ ವಿಮರ್ಶಕನು ಇಲ್ಲಿಗೇ ನಿಂತರೆ ಗ್ರಂಥಕ್ಕೆ ಅನ್ಯಾಯವಾಗುತ್ತದೆ. ಕಲ್ಪದ ಹತ್ತು ಪರಿಚ್ಛೇದಗಳಲ್ಲಿ ಮಂತ್ರಿಲಕ್ಷಣ, ಗ್ರಹ, ಮುದ್ರೆ, ಮಂಡಲಗಳ ಜೊತೆಗೆ ವಶ್ಯಯಂತ್ರವೂ ವಶ್ಯತಂತ್ರವೂ ಉಂಟು. ಹೇಲಾಚಾರ್ಯನು ಬೇಡವೆಂದದ್ದನ್ನೇ ಅವು ಕೊಡುತ್ತವೆ. ಪ್ರಾಚೀನ ಶಾಸ್ತ್ರ ಕ್ಲಿಷ್ಟವಾಗಿದ್ದುದರಿಂದ ತಾನು ಬೇರೆ ಛಂದಸ್ಸಿನಲ್ಲಿ ರಚಿಸಿದುದಾಗಿ ಇಂದ್ರನಂದಿ ಹೇಳುವುದರಿಂದ, ಮೂಲ ಉದ್ದೇಶಕ್ಕೂ ಈಗಿರುವ ಪಾಠಕ್ಕೂ ನಡುವೆ ಒಂದು ಅಂತರ ಬಿದ್ದಿರುವುದು ಸಹಜ. ಆ ಅಂತರ ಮುಂದೆ ಎಷ್ಟು ಬೆಳೆಯಿತೆಂಬುದಕ್ಕೆ ಸೇಡಂ ಶಾಸನ ಸಾಕ್ಷಿ. 12ನೆಯ ಶತಮಾನದ ಮೊದಲ ಪಾದದ ಈ ಶಾಸನದಲ್ಲಿ ಅಲ್ಲಿಯ ಮುನ್ನೂರ್ವರು ಮಹಾಜನರು ಜ್ವಾಲಾಮಾಲಿನಿಯ ಆರಾಧಕರೆಂದೂ, ತಮ್ಮ ಹೋಮದ ಪ್ರಭಾವದಿಂದ ಕಾಂಚಿಯ ಕೋಟೆಬಾಗಿಲನ್ನು ಒಡೆದವರೆಂದೂ ಹೊಗಳಿಕೆಯಿದೆ. ಒಬ್ಬ ಶಿಷ್ಯೆಯ ಬಿಡುಗಡೆಗೆಂದು ಬೇಡಿದ ವಿದ್ಯೆ ರಾಜಕಾರಣದ ಆಯುಧವಾಯಿತು! ಪಿ. ಬಿ. ದೇಸಾಯಿಯವರು 1957ರ ತಮ್ಮ ಗ್ರಂಥದಲ್ಲಿ ಈ ಸಂಪ್ರದಾಯದ ವ್ಯಾಪ್ತಿಯನ್ನು ಶಾಸನಾಧಾರಗಳಿಂದ ತೋರಿಸಿಕೊಟ್ಟಿದ್ದಾರೆ. ಯಕ್ಷೀಪೂಜೆಯೆಲ್ಲ ಶೈವದ ಎರವಲೆಂದು ತಳ್ಳಿಹಾಕುವವರು ಕಲ್ಪದ ಮೊದಲ ಪರಿಚ್ಛೇದವನ್ನು ಓದಿಲ್ಲ. ಅದರ ಪ್ರಯೋಗಗಳನ್ನೆಲ್ಲ ಆರ್ಷವೆಂದು ತಲೆಯ ಮೇಲಿರಿಸುವವರು ಆ ಪರಿಚ್ಛೇದದ ನಿಬಂಧನೆಯನ್ನು ಮರೆತಿದ್ದಾರೆ.

ಸಂಪಾದನೆಯ ದೃಷ್ಟಿಯಿಂದ ಇದರ ಫಲವುಂಟು. ಮಂತ್ರದ ಓಲೆಕಟ್ಟುಗಳಲ್ಲಿ ಮೂಲಶ್ಲೋಕದ ಜೊತೆಗೆ, ಬೇರೆ ಕೈಬರಹದಲ್ಲಿ, ‘ಬಹುಳ ಚತುರ್ದಶಿಯಲ್ಲಿ’, ‘ಪುಣ್ಣಮಿಯ ರಾತ್ರಿ’ ಎಂಬಂಥ ಸೂಚನೆಗಳು ಸೇರಿಕೊಳ್ಳುತ್ತವೆ. ಇವನ್ನು ಮೂಢನಂಬಿಕೆಯೆಂದು ಕೈಬಿಡುವುದೂ ತಪ್ಪು, ಮೂಲಪಾಠದೊಳಗೆ ಸೇರಿಸಿ ಮುದ್ರಿಸುವುದು ಇನ್ನೂ ದೊಡ್ಡ ತಪ್ಪು. ಅವು ಪ್ರಯೋಗದ ಚರಿತ್ರೆಗೆ ಸೇರಿದವು. ಅಡಿಟಿಪ್ಪಣಿಯಲ್ಲಿ, ಲಿಪಿಯ ಕಾಲಮಾನದೊಡನೆ, ನಿಲ್ಲಬೇಕು. ಮಾಸಗಣನೆಯ ತೊಡಕೂ ಒಂದಿದೆ. ಶುಕ್ಲಪಕ್ಷಕ್ಕೆ ಅಮಾಂತ, ಪೂರ್ಣಿಮಾಂತ ಎರಡರಲ್ಲೂ ಮಾಸದ ಹೆಸರು ಒಂದೇ, ಕೃಷ್ಣಪಕ್ಷಕ್ಕೆ ಬೇರೆ. ವೀರನಿರ್ವಾಣದ ತಿಥಿ ಉತ್ತರದವರಿಗೆ ಕಾರ್ತಿಕ ಕೃಷ್ಣ, ಕನ್ನಡಿಗರ ಪಂಚಾಂಗದಲ್ಲಿ ಆಶ್ವಯುಜ ಬಹುಳ. ಕನ್ನಡ ಲಿಪಿಯ ಪ್ರತಿಯ ಬಹುಳಪಕ್ಷವನ್ನು ಹಿಂದಿ ಅನುವಾದದೊಂದಿಗೆ ಹೋಲಿಸುವಾಗ ಇದನ್ನು ಮರೆತರೆ ವಿಧಿಯೇ ಒಂದು ತಿಂಗಳು ಸರಿದುಹೋಗುತ್ತದೆ. ಅದೇ ಅಮಾವಾಸ್ಯೆ ಪುನ್ನಾಟಸಂಘದ ಜಿನಸೇನನ ಹರಿವಂಶಪುರಾಣದಲ್ಲಿ (ಶಕ 705) ಪಾವಾಪುರಿ ದೀಪಗಳಿಂದ ಬೆಳಗಿದ ದಿನ; ಉಗ್ರಕರ್ಮದ ಕೈಪಿಡಿಗಳಲ್ಲಿ ಅದಕ್ಕಿರುವ ಅರ್ಥಕ್ಕೂ ಇದಕ್ಕೂ ಸಂಬಂಧವಿಲ್ಲ.

ಇಂದ್ರನಂದಿಯಾದರೋ ತನ್ನ ಗ್ರಂಥದ ಸಮಾಪ್ತಿಯ ತಿಥಿಯನ್ನು ಸ್ಪಷ್ಟವಾಗಿ ದಾಖಲಿಸಿದ್ದಾನೆ. ಶಕ 861 (ಕ್ರಿ.ಶ. 939), ಮಾನ್ಯಖೇಟದ ಕಟಕ, ಕೃಷ್ಣರಾಜನ ರಾಜ್ಯಕಾಲ, ಪರ್ವದಿನವಾದ ಅಕ್ಷಯತೃತೀಯೆ. ಕ್ಷುದ್ರಪ್ರಯೋಗಗಳ ಅಮಾವಾಸ್ಯೆಯನ್ನಲ್ಲ, ಶ್ರೇಯಾಂಸನು ಆದಿಜಿನನಿಗೆ ಇಕ್ಷುರಸದ ಪಾರಣೆ ಮಾಡಿಸಿದ ದಿನವನ್ನು, ವೈಶಾಖದ ಎಳೆಯ ಚಂದ್ರ ಪಡುವಣದಲ್ಲಿ ಚಂದ್ರಪ್ರಭನ ಲಾಂಛನದ ಆಕಾರದಲ್ಲೇ ಕಾಣುವ ಸಂಜೆಯನ್ನು, ಅವನು ಗ್ರಂಥದ ಕೊನೆಗೆ ಬರೆದಿರಿಸಿದ.