ಬಗ್ಗಡವೂ ಒಂದು ಬಣ್ಣ

ಮಳೆಗಾಲ ಶುರುವಾಯ್ತು ಅಂದ್ರೆ ಬೆಂಗಳೂರಿನ ಅರ್ಧ ಆಫೀಸು ವೀಕೆಂಡಿಗೆ ಜೋಗದಲ್ಲಿರುತ್ತೆ. ಸೋಮವಾರ ಫೋನ್ ತೆರೆದರೆ ಸಾಲು ಸಾಲು ಕಪ್ಪು-ಬಿಳುಪು ಫೋಟೋಗಳು: ಕರಿ ಬಂಡೆ, ರೇಷ್ಮೆಯಂಥ ಬಿಳಿ ನೀರು. ಚೆನ್ನಾಗೇ ಇರ್ತವೆ. ನನ್ನ ತಕರಾರು ಆ ಬಿಳಿಯ ಬಗ್ಗೆ.

ಜೋಗ ತುಂಬಿ ಬೀಳುವಾಗ ನೀರು ಅಷ್ಟು ಬೆಳ್ಳಗಿರಲ್ಲ, ಟೀ ಬಣ್ಣಕ್ಕಿರುತ್ತೆ. ನಮ್ಮ ಹಳೇಕೋಟೆ ಕಡೆ ಇಂಥ ನೀರಿಗೆ ಬಗ್ಗಡ ಅಂತೀವಿ. ಹೊಳೆ ಬಗ್ಗಡವಾಗಿದೆ ಅಂದ್ರೆ ಮೇಲೆಲ್ಲೋ ಜೋರು ಮಳೆಯಾಗಿದೆ, ಯಾರದೋ ಹೊಲದ ಮಣ್ಣು ಕೊಚ್ಚಿ ಬರ್ತಿದೆ ಅಂತ ಲೆಕ್ಕ. ಆ ಬಣ್ಣದಲ್ಲಿ ಸುದ್ದಿಯಿದೆ.

ಕಪ್ಪು-ಬಿಳುಪು ಅಂದ್ರೆ ಬಣ್ಣ ತೆಗೆದುಹಾಕೋದು ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ನಿಜಕ್ಕೂ ಅದು ಯಾವ ಬಣ್ಣ ಎಷ್ಟು ಬೆಳ್ಳಗೆ ಕಾಣಬೇಕು ಅನ್ನೋ ತೀರ್ಮಾನ. ಎಡಿಟ್ ಮಾಡುವಾಗ ಕೆಂಪು, ಕಿತ್ತಳೆ ಸ್ಲೈಡರ್ ಏರಿಸಿದರೆ ಬಗ್ಗಡವೆಲ್ಲ ಹಾಲಾಗುತ್ತೆ. ಇಳಿಸಿದರೆ ಅದೇ ನೀರು ದಟ್ಟ ಬೂದು, ಮಣ್ಣಿನ ಭಾರ ಕಣ್ಣಿಗೆ ತಾಗುತ್ತೆ.

ರೇಷ್ಮೆಯ ಕತೆಯೂ ಹೀಗೇ. 19ನೇ ಶತಮಾನದ ಗಾಜಿನ ಪ್ಲೇಟುಗಳಿಗೆ ಬೆಳಕು ಹೆಚ್ಚು ಹೊತ್ತು ಬೇಕಿತ್ತು, ಹಾಗಾಗಿ ಓಡುವ ನೀರು ಮಸುಕಾಗ್ತಿತ್ತು. ಆಗ ಅದು ಅನಿವಾರ್ಯ. ಈಗ ಎನ್‌ಡಿ ಫಿಲ್ಟರ್ ಹಾಕಿ, ಟ್ರೈಪಾಡ್ ನಿಲ್ಲಿಸಿ ಅದನ್ನೇ ಬೇಕಂತ ತರಿಸ್ತೀವಿ. 253 ಮೀಟರ್ ಎತ್ತರದಿಂದ ಬೀಳುವ ನೀರಿನ ಪೆಟ್ಟು ಮಾತ್ರ ಫೋಟೋದಲ್ಲಿ ಉಳಿಯಲ್ಲ. ಒಮ್ಮೆ 1/1000 ಸೆಕೆಂಡಿಗೆ ತೆಗೆದು ನೋಡಿ, ನೀರು ಚೂರು ಚೂರಾಗಿ ಸಿಡಿಯೋದು ಕಾಣುತ್ತೆ.

ಇದೆಲ್ಲ ಬರೀ ರುಚಿಯ ಜಗಳ ಅಲ್ಲ. ಬಿಳಿ ರೇಷ್ಮೆಯ ಜೋಗ ಯಾವ ಕಾಲದ್ದೂ ಆಗಬಹುದು. ನಿಜವಾದ ಜೋಗಕ್ಕೆ ತಾರೀಕಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿ ತನ್ನಿಷ್ಟದಂತೆ ಧುಮುಕೋದು ನಿಂತಿತು. ಬಹುಪಾಲು ನೀರು ಪವರ್‌ಹೌಸಿನ ಹಾದಿ ಹಿಡಿಯುತ್ತೆ. ನಾವು ಫೋಟೋ ಎಡಿಟ್ ಮಾಡುವ ಲ್ಯಾಪ್‌ಟಾಪಿಗೂ ಅಲ್ಲಿಂದ ಒಂದಿಷ್ಟು ಕರೆಂಟು ಬರ್ತಿರಬಹುದು.

ಹಾಗಾದ್ರೆ ಕಪ್ಪು-ಬಿಳುಪು ಬೇಡವೇ? ಖಂಡಿತ ಬೇಕು, ಏಪ್ರಿಲ್‌ನಲ್ಲಿ! ರಾಜ, ರಾಣಿ, ರೋರರ್, ರಾಕೆಟ್ ಎಲ್ಲವೂ ಸೊರಗಿದಾಗ ಬಂಡೆಯ ಬಿರುಕು, ಪದರ, ನೀರು ಹರಿದ ಕಲೆ ಕಪ್ಪು-ಬಿಳುಪಿನಲ್ಲಿ ಎದ್ದು ಕಾಣ್ತವೆ. ನೀರಿಲ್ಲದ ಜಾಗವೂ ಕಾಣುತ್ತೆ. ಅಂಥ ಫೋಟೋ ತೆಗೆದರೆ ಕೆಳಗೆ ತಿಂಗಳು, ವರ್ಷ ಬರೆಯೋದು ಮರೀಬೇಡಿ.